ಫಲಕದ ಮೇಲಿನ ‘ರಿ’ ಮತ್ತು ‘ನಿ’

ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಯಾವ ಊರಿನ ಪೇಟೆಯಲ್ಲಿ ಹಾದುಹೋದರೂ ಸಂಘ-ಸಂಸ್ಥೆಗಳ ಫಲಕಗಳಿಗೆ ಕೊರತೆಯಿಲ್ಲ. ಪತ್ತಿನ ಸಹಕಾರಿ ಸಂಘ, ಹಾಲು ಉತ್ಪಾದಕರ ಸಂಘ, ನೇಕಾರರ ಸಂಘ, ಯುವಕ ಸಂಘ, ಮಹಿಳಾ ಮಂಡಳ ಹೀಗೆ ಸಾಲು ಸಾಲು. ಹೆಸರು ಮುಗಿಯುವಲ್ಲಿ ‘ರಿ’ ಎಂದೋ ‘ನಿ’ ಎಂದೋ ಒಂದು ಪುಟ್ಟ ಅಕ್ಷರ. ಹಲವು ಫಲಕಗಳಲ್ಲಿ ಅದರ ಕೆಳಗೆ ನೋಂದಣಿ ಸಂಖ್ಯೆ. ದಿನಾಲೂ ಪಿಗ್ಮಿ ಕಟ್ಟುವವರೂ, ಮುಂಜಾನೆ-ಸಂಜೆ ಹಾಲು ಹಾಕುವವರೂ ಈ ಅಕ್ಷರದತ್ತ, ಸಂಖ್ಯೆಯತ್ತ ಕಣ್ಣು ಹಾಯಿಸುವುದು ಅಪರೂಪ.

‘ರಿ’ ಎಂದರೆ ರಿಜಿಸ್ಟರ್ ಆದದ್ದು. ಯುವಕ ಸಂಘ, ಮಹಿಳಾ ಮಂಡಳಗಳಂಥವು ಸಾಮಾನ್ಯವಾಗಿ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಕೆಳಗೆ ದಾಖಲಾಗಿರುತ್ತವೆ. ‘ನಿ’ ಎಂದರೆ ನಿಯಮಿತ. ಇದು ಹೆಚ್ಚಾಗಿ ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮ, 1959ರ ಕೆಳಗೆ ಬರುವ ಸಂಘಗಳ ಗುರುತು. ಸಂಘ ಮುಳುಗಿದರೆ ಅದರ ಸಾಲಕ್ಕೆ ಸದಸ್ಯನ ಹೊಣೆ ಒಂದು ಮಿತಿಯೊಳಗೆ ಇರುತ್ತದೆ ಎಂಬುದೇ ‘ನಿಯಮಿತ’ದ ಅರ್ಥ. ಆತ ಇಟ್ಟ ಠೇವಣಿ ಭದ್ರವಾಗಿದೆ ಎಂಬ ಅರ್ಥ ಅದಕ್ಕಿಲ್ಲ. ಈ ಎರಡರ ನಡುವಿನ ವ್ಯತ್ಯಾಸ ತಿಳಿಯದೆ ಮಗಳ ಮದುವೆಗೆಂದು, ಮಗನ ಓದಿಗೆಂದು ಕೂಡಿಟ್ಟ ಹಣ ಕಳೆದುಕೊಂಡ ಕುಟುಂಬಗಳು ನಾಡಿನಲ್ಲಿ ಕಡಿಮೆಯೇನಲ್ಲ.

ಫಲಕದ ಮೇಲೆ ಇರುವುದು ಸಂಖ್ಯೆ ಮಾತ್ರ. ಆ ಸಂಖ್ಯೆಯ ಹಿಂದೆ ಸರ್ಕಾರಿ ಕಚೇರಿಯಲ್ಲಿ ಒಂದು ಕಡತವಿದೆ. ಸಂಘ ಎಂದು ಹುಟ್ಟಿತು, ಅದರ ಉಪವಿಧಿಗಳೇನು, ಆಡಳಿತ ಮಂಡಳಿಯಲ್ಲಿ ಯಾರಿದ್ದಾರೆ, ಲೆಕ್ಕಪರಿಶೋಧನೆ ಆಗಿದೆಯೇ, ಸಂಘ ನಡೆಯುತ್ತಿದೆಯೇ ನಿಂತಿದೆಯೇ ಎಂಬುದೆಲ್ಲ ಅಲ್ಲಿ ಇರಬೇಕು. ಆ ಕಡತವನ್ನು ಯಾರು ಓದಬಹುದು? ಈ ಪ್ರಶ್ನೆ ಇಂದು ಜಗತ್ತಿನ ಹಲವು ದೇಶಗಳಲ್ಲಿ ಚರ್ಚೆಯ ವಿಷಯವಾಗಿದೆ. ಅದರಲ್ಲೂ ಆದಿವಾಸಿಗಳ, ಮೂಲನಿವಾಸಿಗಳ ಸಂಸ್ಥೆಗಳ ಮಟ್ಟಿಗೆ ಅದಕ್ಕೆ ವಿಶೇಷ ಮಹತ್ವವಿದೆ. ಏಕೆಂದರೆ ‘ರಿಜಿಸ್ಟರ್’ ಎಂಬ ಮಾತನ್ನು ಈ ಜನ ಮೊದಲು ಕೇಳಿದ್ದು ಹಕ್ಕಿನ ರೂಪದಲ್ಲಿ ಅಲ್ಲ.

ದಾಖಲೆಯೇ ಬೇಡಿಯಾದಾಗ

ಮುಧೋಳ ತಾಲ್ಲೂಕಿನ ಹಲಗಲಿಯ ಹೆಸರು ಕೇಳದವರು ಈ ಭಾಗದಲ್ಲಿಲ್ಲ. 1857ರಲ್ಲಿ ಬ್ರಿಟಿಷ್ ಸರ್ಕಾರ ಆಯುಧಗಳ ಬಗ್ಗೆ ಕಾಯ್ದೆ ತಂದಿತು. ಆಯುಧ ಇದ್ದವರು ಅದನ್ನು ಸರ್ಕಾರದಲ್ಲಿ ದಾಖಲಿಸಬೇಕು, ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಾರದು ಎಂಬುದು ಅದರ ತಿರುಳು. ಬೇಟೆ ಮತ್ತು ಕಾವಲಿನ ಕಸುಬಿನ ಹಲಗಲಿಯ ಬೇಡರಿಗೆ ಆಯುಧವೆಂದರೆ ಅನ್ನವೂ ಹೌದು, ಮಾನವೂ ಹೌದು. ಅವರು ಒಪ್ಪಲಿಲ್ಲ. ಆ ವರ್ಷ ನವೆಂಬರ್ ಕೊನೆಯಲ್ಲಿ ಬ್ರಿಟಿಷ್ ಪಡೆ ಹಲಗಲಿಯ ಮೇಲೆ ಬಿದ್ದಿತು, ಊರು ಸುಟ್ಟಿತು. ಸೆರೆ ಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಲಾಯಿತು. ಲಾವಣಿಕಾರರ ಬಾಯಲ್ಲಿ ಉಳಿದ ಈ ಕಥೆಯನ್ನು ಮುಂದೆ ಜೆ.ಎಫ್. ಫ್ಲೀಟ್ ಸಂಗ್ರಹಿಸಿ ಪ್ರಕಟಿಸಿದರು.

ಹಲಗಲಿಯವರು ಎದುರಿಸಿದ್ದು ಆಯುಧಗಳ ದಾಖಲೆಯನ್ನು. ಹದಿನಾಲ್ಕು ವರ್ಷಗಳ ನಂತರ ಮನುಷ್ಯರನ್ನೇ ದಾಖಲಿಸುವ ಕಾಯ್ದೆ ಬಂತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಪ್ರಕಾರ ಕೆಲವು ಸಮುದಾಯಗಳನ್ನು ಇಡಿಯಾಗಿ ಅಪರಾಧಿಗಳೆಂದು ಸಾರಿ, ಅವುಗಳ ಜನರ ಹೆಸರನ್ನು ರಿಜಿಸ್ಟರಿನಲ್ಲಿ ಬರೆಯಬಹುದಾಗಿತ್ತು. ಹೆಸರು ಬಿದ್ದವನು ಊರು ಬಿಟ್ಟು ಹೋಗಬೇಕಾದರೂ ಹೇಳಿಯೇ ಹೋಗಬೇಕು. ಮುಂಬೈ ಪ್ರಾಂತ್ಯದಲ್ಲಿ ಇಂಥವರಿಗಾಗಿ ವಸಾಹತುಗಳನ್ನು ಕಟ್ಟಿದರು. ವಿಜಯಪುರ, ಗದಗ, ಹುಬ್ಬಳ್ಳಿಗಳಲ್ಲಿ ‘ಸೆಟ್ಲಮೆಂಟ್’ ಎಂಬ ಹೆಸರಿನ ಬಡಾವಣೆಗಳು ಉಳಿದು ಬಂದದ್ದು ಹೀಗೆ. ಆ ಕಾಯ್ದೆ ರದ್ದಾದದ್ದು 1952ರಲ್ಲಿ.

ಆ ರಿಜಿಸ್ಟರನ್ನು ಬರೆದವನು ಅಧಿಕಾರಿ, ಓದಿದವನೂ ಅಧಿಕಾರಿ. ತಪ್ಪಿದ್ದರೆ ತಿದ್ದುವುದೂ ಅಧಿಕಾರಿಯ ಇಚ್ಛೆಗೇ ಬಿಟ್ಟದ್ದಾಗಿತ್ತು.

ಸದಸ್ಯರೇ ಒಡೆಯರಾದ ದಾಖಲೆ

ಅದೇ ಬ್ರಿಟಿಷ್ ಆಳ್ವಿಕೆಯಲ್ಲಿ ಇನ್ನೊಂದು ಬಗೆಯ ರಿಜಿಸ್ಟರ್ ಕೂಡ ಹುಟ್ಟಿತು. ಸಾಹುಕಾರರ ಬಡ್ಡಿಯಿಂದ ರೈತರನ್ನು ಬಿಡಿಸಲೆಂದು 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಜಾರಿಗೆ ಬಂತು. ಮರುವರ್ಷವೇ, 1905ರಲ್ಲಿ, ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಂಘ ನೋಂದಣಿಯಾಯಿತು. ಭಾರತದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂಬ ಹಿರಿಮೆ ಅದರದು.

ಇಲ್ಲಿ ದಾಖಲಾದದ್ದು ಜನ ಕೂಡಿ ಕಟ್ಟಿದ ಸಂಸ್ಥೆ. ಅದರ ನಿಯಮಗಳನ್ನು ಒಪ್ಪುವವರು ಸದಸ್ಯರು, ಲೆಕ್ಕ ಕೇಳುವವರೂ ಸದಸ್ಯರು. ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ಸಂಘದ ಉಪವಿಧಿ, ಸದಸ್ಯರ ಪಟ್ಟಿ ಕಚೇರಿಯಲ್ಲಿ ನೋಡಲು ಸಿಗಬೇಕು ಎಂಬುದು ಸಹಕಾರ ಕಾಯ್ದೆಗಳಲ್ಲಿ ಹಿಂದಿನಿಂದಲೂ ಬಂದ ಮಾತು. ಸೆಪ್ಟೆಂಬರ್ ತಿಂಗಳು ಬಂತೆಂದರೆ ವಾರ್ಷಿಕ ಮಹಾಸಭೆಯ ನೋಟೀಸು, ಅದರ ಜೊತೆಗೆ ವರದಿಯ ಪುಸ್ತಿಕೆ ಮನೆ ಮನೆಗೆ ಬರುವುದು ಇದೇ ಕಾರಣಕ್ಕೆ. ಓದುವವರು ಎಷ್ಟು ಮಂದಿ ಎಂಬುದು ಬೇರೆ ಮಾತು.

ಆಸ್ಟ್ರೇಲಿಯದ ಅನುಭವ

ರಿಜಿಸ್ಟರಿನ ಈ ಎರಡೂ ಮುಖಗಳನ್ನು ಸಮೀಪದಿಂದ ಕಂಡ ಇನ್ನೊಂದು ದೇಶ ಆಸ್ಟ್ರೇಲಿಯ. ಅಲ್ಲಿಯ ಮೂಲನಿವಾಸಿಗಳಾದ ಅಬಾರಿಜಿನಲ್ ಜನರನ್ನೂ, ಉತ್ತರದ ಟಾರೆಸ್ ಜಲಸಂಧಿಯ ದ್ವೀಪವಾಸಿಗಳನ್ನೂ ಬಹುಕಾಲ ಸರ್ಕಾರ ಮಕ್ಕಳಂತೆ ಕಂಡಿತು. ಕ್ವೀನ್ಸ್‌ಲ್ಯಾಂಡ್ ಪ್ರಾಂತ್ಯದ 1897ರ ಕಾಯ್ದೆಯಲ್ಲಿ ‘ರಕ್ಷಕ’ರೆಂಬ ಅಧಿಕಾರಿಗಳಿದ್ದರು. ಮೂಲನಿವಾಸಿಗಳು ಎಲ್ಲಿರಬೇಕು, ಎಲ್ಲಿ ದುಡಿಯಬೇಕು ಎಂಬುದು ಅವರ ಕೈಯಲ್ಲಿತ್ತು. ನಮ್ಮ ಸೆಟ್ಲಮೆಂಟುಗಳ ಕಥೆಗೂ ಅದಕ್ಕೂ ಹೋಲಿಕೆ ಬಹಳ.

1976ರಲ್ಲಿ ಆ ದೇಶ ಬೇರೆ ದಾರಿ ಹಿಡಿಯಿತು. ಮೂಲನಿವಾಸಿಗಳು ತಾವೇ ಕೂಡಿ ಸಂಸ್ಥೆ ಕಟ್ಟಿಕೊಂಡು ನೋಂದಾಯಿಸಲು ಪ್ರತ್ಯೇಕ ಕಾಯ್ದೆ ಬಂತು. ಅದನ್ನು ಪರಿಷ್ಕರಿಸಿ 2006ರಲ್ಲಿ ಮಾಡಿದ ಹೊಸ ಕಾಯ್ದೆ 2007ರ ಜುಲೈ 1ರಿಂದ ಜಾರಿಯಲ್ಲಿದೆ. ಇದಕ್ಕೆಂದೇ ಒಬ್ಬ ರಿಜಿಸ್ಟ್ರಾರ್, ಒಂದು ಕಚೇರಿ. ಚಿಕ್ಕದಾಗಿ ‘ಓರಿಕ್’ ಎಂದು ಅದನ್ನು ಕರೆಯುತ್ತಾರೆ. ಮೂರು ಸಾವಿರಕ್ಕೂ ಹೆಚ್ಚು ಸಂಸ್ಥೆಗಳು ಅದರ ರಿಜಿಸ್ಟರಿನಲ್ಲಿವೆ. ದವಾಖಾನೆ ನಡೆಸುವವು, ಮನೆ ಕಟ್ಟಿಸುವವು, ಕಲಾವಿದರ ಚಿತ್ರ ಮಾರುವವು, ಅಂಗಡಿ ಇಟ್ಟವು ಎಲ್ಲವೂ ಇವೆ. 1992ರಲ್ಲಿ ಅಲ್ಲಿಯ ಹೈಕೋರ್ಟು ‘ಮಾಬೊ’ ಪ್ರಕರಣದಲ್ಲಿ ಮೂಲನಿವಾಸಿಗಳಿಗೆ ನೆಲದ ಮೇಲೆ ಪರಂಪರೆಯ ಹಕ್ಕು ಇದೆಯೆಂದು ಒಪ್ಪಿತು. ಆಸ್ಟ್ರೇಲಿಯದಲ್ಲಿ ಎಲ್ಲಕ್ಕಿಂತ ಮೇಲಿನ ನ್ಯಾಯಾಲಯ ಅದೇ. 1993ರಲ್ಲಿ ಆ ಹಕ್ಕಿಗೆ ಕಾಯ್ದೆಯೂ ಆಯಿತು. ಹಾಗೆ ಸಿಕ್ಕ ನೆಲದ ಹಕ್ಕನ್ನು ಸಮುದಾಯದ ಪರವಾಗಿ ನೋಡಿಕೊಳ್ಳುವ ಸಂಸ್ಥೆಗಳೂ ಇದೇ ರಿಜಿಸ್ಟರಿಗೆ ಸೇರಿವೆ. ಅಂದರೆ ಒಂದು ಸಂಸ್ಥೆಯ ಲೆಕ್ಕ ತಪ್ಪಿದರೆ ಹೋಗುವುದು ಹಣ ಮಾತ್ರವಲ್ಲ; ಪೂರ್ವಜರ ನೆಲದ ಬಗ್ಗೆ ಮಾತಾಡುವ ಅಧಿಕಾರವೂ ಅಲುಗಾಡುತ್ತದೆ.

ಗಮನಿಸಬೇಕಾದದ್ದು, ಈ ರಿಜಿಸ್ಟರ್ ಎಲ್ಲರಿಗೂ ತೆರೆದಿದೆ. ಪ್ರತಿ ಸಂಸ್ಥೆಗೂ ಒಂದು ಗುರುತಿನ ಸಂಖ್ಯೆ. ಅದನ್ನು ಹಿಡಿದು ಹುಡುಕಿದರೆ ಸಂಸ್ಥೆಯ ನಿಯಮಾವಳಿ, ನಿರ್ದೇಶಕರ ಹೆಸರು, ವಾರ್ಷಿಕ ವರದಿ ಸಿಗುತ್ತವೆ. ಇದಕ್ಕೆ ಶುಲ್ಕವಿಲ್ಲ, ಸದಸ್ಯನೇ ಆಗಿರಬೇಕೆಂಬ ಕಟ್ಟಳೆಯೂ ಇಲ್ಲ. ಜೂನ್ 30ಕ್ಕೆ ಲೆಕ್ಕದ ವರ್ಷ ಮುಗಿಸುವ ಸಂಸ್ಥೆ ಡಿಸೆಂಬರ್ 31ರೊಳಗೆ ವರದಿ ಕೊಡಬೇಕು. ಕೊಟ್ಟಿತೋ ಇಲ್ಲವೋ ಎಂಬುದೂ ಅಲ್ಲಿ ಕಾಣುತ್ತದೆ. ಸಾಲದ್ದಕ್ಕೆ, ರಿಜಿಸ್ಟರಿನ ಮುಖ್ಯ ವಿವರಗಳನ್ನು ಕೋಷ್ಟಕವಾಗಿ ಸರ್ಕಾರದ ಮುಕ್ತ ದತ್ತಾಂಶ ತಾಣದಲ್ಲಿಯೂ ಹಾಕುತ್ತಾರೆ. ದೂರದ ಮರುಭೂಮಿಯ ಹಳ್ಳಿಯ ವಿದ್ಯಾರ್ಥಿ ತನ್ನ ಅಜ್ಜಿ ಸದಸ್ಯಳಾಗಿರುವ ಸಂಸ್ಥೆ ವರದಿ ಕೊಟ್ಟಿದೆಯೇ ಎಂದು ನೋಡಬಹುದು. ತಮ್ಮನ್ನು ಕಾಯುತ್ತಿದ್ದ ಕಡತವನ್ನು ಈಗ ಅದೇ ಜನ ಕಾಯುತ್ತಿದ್ದಾರೆ.

ನಮ್ಮ ಕಾಡಿನ ಸಂಘಗಳು

ಕರ್ನಾಟಕದಲ್ಲಿ ಇದಕ್ಕೆ ಸಮೀಪದ ಉದಾಹರಣೆ ಎಂದರೆ ಲ್ಯಾಂಪ್ಸ್ ಸಂಘಗಳು, ಅಂದರೆ ಗಿರಿಜನರ ದೊಡ್ಡ ಪ್ರಮಾಣದ ವಿವಿಧೋದ್ದೇಶ ಸಹಕಾರ ಸಂಘಗಳು. 1971ರಲ್ಲಿ ಬಾವಾ ಸಮಿತಿ ಮಾಡಿದ ಶಿಫಾರಸಿನಿಂದ ದೇಶದ ಹಲವು ರಾಜ್ಯಗಳಲ್ಲಿ ಇವು ಹುಟ್ಟಿದವು. ನಮ್ಮಲ್ಲಿ ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಕಾಡಂಚಿನಲ್ಲಿ ಸೋಲಿಗರು, ಜೇನುಕುರುಬರು, ಕಾಡುಕುರುಬರು, ಯರವರು ಇವುಗಳ ಸದಸ್ಯರು. ಜೇನು, ನೆಲ್ಲಿಕಾಯಿ, ಸೀಗೆಕಾಯಿ, ಅಂಟುವಾಳ, ಮರದ ಪಾಚಿ ಮುಂತಾದ ಕಾಡಿನ ಉತ್ಪನ್ನಗಳನ್ನು ಸದಸ್ಯರು ತಂದುಕೊಡುತ್ತಾರೆ, ಸಂಘ ಅದನ್ನು ಕೊಂಡು ಮಾರುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ 2011ರಲ್ಲಿ ಸಮುದಾಯದ ಹಕ್ಕು ಸಿಕ್ಕ ಮೇಲೆ ಇಂಥ ಸಂಘಗಳ ಹೊಣೆ ಇನ್ನೂ ಹೆಚ್ಚಿತು.

ಸೀಗೆಕಾಯಿ ತಂದವಳಿಗೆ ಕಿಲೋಗೆ ಎಷ್ಟು ಸಂದಿತು, ಸಂಘ ಅದನ್ನು ಎಷ್ಟಕ್ಕೆ ಮಾರಿತು, ನಡುವಿನ ಹಣ ಯಾವ ಬಾಬತ್ತಿಗೆ ಹೋಯಿತು? ಈ ಮೂರು ಅಂಕಿಗಳು ಒಂದೇ ಕೋಷ್ಟಕದಲ್ಲಿ, ಆಕೆಯ ಹಾಡಿಯಲ್ಲಿಯೇ ನೋಡಲು ಸಿಕ್ಕರೆ ಮಹಾಸಭೆಯಲ್ಲಿ ಆಕೆ ಎದ್ದು ನಿಂತು ಕೇಳುವ ಪ್ರಶ್ನೆಗೆ ಬಲ ಬರುತ್ತದೆ.

ಸದಸ್ಯರ ಸಂಘಕ್ಕೂ, ಸದಸ್ಯರ ಹೆಸರಿನಲ್ಲಿ ಸರ್ಕಾರ ನಡೆಸುವ ನಿಗಮಕ್ಕೂ ಇರುವ ಅಂತರವನ್ನು ಇಲ್ಲಿ ನೆನೆಯಬೇಕು. ಹಲಗಲಿಯ ಬೇಡರ ಸಮುದಾಯ, ಅಂದರೆ ನಾಯಕ, ಬೇಡ, ವಾಲ್ಮೀಕಿ ಎಂದು ಕರೆಯಲಾಗುವ ಜನ, 1991ರ ತಿದ್ದುಪಡಿಯಿಂದ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಬಂದರು. ಪರಿಶಿಷ್ಟ ಪಂಗಡಗಳ ಏಳಿಗೆಗೆಂದು ಮಹರ್ಷಿ ವಾಲ್ಮೀಕಿಯವರ ಹೆಸರಿನ ಅಭಿವೃದ್ಧಿ ನಿಗಮವನ್ನು ರಾಜ್ಯ ಸರ್ಕಾರ ನಡೆಸುತ್ತದೆ. ಅದರ ಬ್ಯಾಂಕ್ ಖಾತೆಯಿಂದ ಕೋಟ್ಯಂತರ ರೂಪಾಯಿ ಅಕ್ರಮವಾಗಿ ವರ್ಗಾವಣೆಯಾದ ಆರೋಪ 2024ರಲ್ಲಿ ಬಯಲಾಗಿ ತನಿಖೆಗೆ ಹೋಯಿತು. ತಪ್ಪು ಯಾರದೆಂಬುದನ್ನು ನ್ಯಾಯಾಲಯ ಹೇಳಬೇಕು. ಆದರೆ ಬಡವರ ಹೆಸರಿನ ಹಣದ ಲೆಕ್ಕ ವರ್ಷಕ್ಕೊಮ್ಮೆಯಲ್ಲ, ತಿಂಗಳು ತಿಂಗಳು ಜನರ ಕಣ್ಣೆದುರು ಇರಬೇಕೆಂಬ ಮಾತಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮುಕ್ತ ದತ್ತಾಂಶ ಎಂದರೇನು?

ದತ್ತಾಂಶ ಎಂದರೆ ಅಳೆದು, ಎಣಿಸಿ, ಕ್ರಮವಾಗಿ ಬರೆದಿಟ್ಟ ಮಾಹಿತಿ. ಅದು ‘ಮುಕ್ತ’ ಎನ್ನಿಸಿಕೊಳ್ಳಲು ಮೂರು ಗುಣ ಬೇಕು. ಯಾರು ಬೇಕಾದರೂ ನೋಡುವಂತಿರಬೇಕು; ಹಣ ಕೊಡದೆ ಸಿಗಬೇಕು; ಮತ್ತೆ ಬಳಸುವಂತಿರಬೇಕು. ಮೂರನೆಯದು ಕೊಂಚ ವಿವರಣೆ ಬೇಡುತ್ತದೆ. ಶಾಲೆಯ ಎಲ್ಲ ಮಕ್ಕಳ ಅಂಕಪಟ್ಟಿಗಳ ಫೋಟೋ ತೆಗೆದು ಗೋಡೆಗೆ ಅಂಟಿಸಿದರೆ ಎಲ್ಲರೂ ನೋಡಬಹುದು, ನಿಜ. ಆದರೆ ಗಣಿತದಲ್ಲಿ ತರಗತಿಯ ಸರಾಸರಿ ಎಷ್ಟು ಎಂದು ತಿಳಿಯಲು ಮತ್ತೆ ಒಂದೊಂದನ್ನೇ ಬರೆದುಕೊಳ್ಳಬೇಕು. ಅದೇ ಅಂಕಗಳು ಸಾಲು-ಕಂಬಗಳ ಕೋಷ್ಟಕದಲ್ಲಿ ಇದ್ದರೆ ಕಂಪ್ಯೂಟರ್ ಕ್ಷಣದಲ್ಲಿ ಲೆಕ್ಕ ಹಾಕುತ್ತದೆ. ಹಿಂದಿನದು ಪ್ರದರ್ಶನ, ಮುಂದಿನದು ದತ್ತಾಂಶ.

ಭಾರತ ಸರ್ಕಾರ ಈ ಬಗೆಯ ದತ್ತಾಂಶ ಹಂಚಿಕೆಗೆ 2012ರಲ್ಲಿ ರಾಷ್ಟ್ರೀಯ ನೀತಿಯೊಂದನ್ನು ಪ್ರಕಟಿಸಿ, ಅದೇ ವರ್ಷ ಮುಕ್ತ ದತ್ತಾಂಶ ತಾಣವನ್ನು ತೆರೆಯಿತು. 2021ರಲ್ಲಿ ಕೇಂದ್ರದಲ್ಲಿ ಸಹಕಾರಕ್ಕೆ ಪ್ರತ್ಯೇಕ ಸಚಿವಾಲಯ ಆಯಿತು. 2024ರ ಮಾರ್ಚ್ 8ರಂದು ರಾಷ್ಟ್ರೀಯ ಸಹಕಾರ ದತ್ತಾಂಶ ಕೋಶ ಬಿಡುಗಡೆಯಾಯಿತು. ದೇಶದ 8 ಲಕ್ಷಕ್ಕೂ ಹೆಚ್ಚು ಸಹಕಾರ ಸಂಘಗಳ ವಿವರವನ್ನು ಒಂದೆಡೆ ತರುವ ಕೆಲಸವಿದು. ಹಾಲು, ಮೀನುಗಾರಿಕೆ, ಕೃಷಿ ಪತ್ತು, ನೇಕಾರಿಕೆ ಎಂದು ವಲಯವಾರು, ರಾಜ್ಯ-ಜಿಲ್ಲೆವಾರು ನೋಡಬಹುದು. ಸಂಘ ಕಾರ್ಯನಿರತವೇ, ನಿಷ್ಕ್ರಿಯವೇ, ಸಮಾಪನೆಯಲ್ಲಿದೆಯೇ ಎಂಬುದಕ್ಕೂ ಅಲ್ಲಿ ಜಾಗವಿದೆ.

ತಾಣದಲ್ಲಿ ಸಿಗದ್ದನ್ನು ಕೇಳಿ ಪಡೆಯಲು 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಸಹಕಾರ ಸಂಘ ಈ ಕಾಯ್ದೆಯ ಕೆಳಗೆ ಬರುತ್ತದೆಯೇ ಎಂಬ ವಾದ ಕೇರಳದ ತಲಪ್ಪಾಲಂ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2013ರಲ್ಲಿ ಬಂದ ತೀರ್ಪಿನ ಸಾರ ಹೀಗಿದೆ: ಸಹಕಾರ ಸಂಘವಾಗಿದೆ ಎಂಬ ಮಾತ್ರಕ್ಕೆ ಅದು ಸಾರ್ವಜನಿಕ ಪ್ರಾಧಿಕಾರವಾಗುವುದಿಲ್ಲ. ಆದರೆ ಸಹಕಾರ ಸಂಘಗಳ ನಿಬಂಧಕರು ಸಾರ್ವಜನಿಕ ಪ್ರಾಧಿಕಾರವೇ. ಕಾನೂನಿನ ಪ್ರಕಾರ ಸಂಘದಿಂದ ಅವರು ಪಡೆಯಬಹುದಾದ ಮಾಹಿತಿಯನ್ನು, ಕಾಯ್ದೆಯ ವಿನಾಯಿತಿಗಳಿಗೆ ಒಳಪಟ್ಟು, ನಾಗರಿಕರು ಅವರ ಮೂಲಕ ಕೇಳಬಹುದು. ಸಂಘದ ಬಾಗಿಲು ಮುಚ್ಚಿದ್ದರೂ ನಿಬಂಧಕರ ಕಚೇರಿಯ ಬಾಗಿಲು ತಟ್ಟಬಹುದೆಂದಾಯಿತು.

ಒಂದು ಸಾಲನ್ನು ಓದುವ ಬಗೆ

ರಸಾಯನಶಾಸ್ತ್ರದ ಸೂತ್ರ ಓದಲು ಬಂದವರಿಗೆ ರಿಜಿಸ್ಟರಿನ ಒಂದು ಸಾಲನ್ನು ಓದುವುದು ಕಷ್ಟವಲ್ಲ. ರೈತ ಉತ್ಪಾದಕ ಕಂಪನಿಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಇವು ಸಹಕಾರ ಇಲಾಖೆಯ ಬದಲು ಕಂಪನಿ ಕಾಯ್ದೆಯ ಕೆಳಗೆ ದಾಖಲಾಗುತ್ತವೆ. ಪ್ರತಿ ಕಂಪನಿಗೂ 21 ಅಕ್ಷರ-ಅಂಕಿಗಳ ಗುರುತು ಇರುತ್ತದೆ. ಮೊದಲ ಅಕ್ಷರ ‘ಎಲ್’ ಆದರೆ ಷೇರು ಪೇಟೆಯಲ್ಲಿ ಪಟ್ಟಿಯಾದದ್ದು, ‘ಯು’ ಆದರೆ ಪಟ್ಟಿಯಾಗದ್ದು. ನಂತರದ 5 ಅಂಕಿ ಉದ್ಯಮದ ಬಗೆ. ಆಮೇಲೆ 2 ಅಕ್ಷರ ರಾಜ್ಯ, ಕರ್ನಾಟಕಕ್ಕೆ ‘ಕೆಎ’. ಮುಂದಿನ 4 ಅಂಕಿ ಹುಟ್ಟಿದ ವರ್ಷ. ಅನಂತರ 3 ಅಕ್ಷರ ಕಂಪನಿಯ ಬಗೆ. ಕೊನೆಯ 6 ಅಂಕಿ ನೋಂದಣಿ ಸಂಖ್ಯೆ. “ಇಪ್ಪತ್ತು ವರ್ಷಗಳ ಅನುಭವ” ಎಂದು ಕರಪತ್ರ ಹಂಚಿದ ಕಂಪನಿಯ ಗುರುತಿನಲ್ಲಿ ಎರಡೇ ವರ್ಷದ ಹಿಂದಿನ ಇಸವಿ ಇದ್ದರೆ ಕಾರಣ ಕೇಳುವುದು ಒಳ್ಳೆಯದು.

ಸಹಕಾರ ಸಂಘದ ವಿಷಯದಲ್ಲಿ ವರದಿಯ ಪುಸ್ತಿಕೆಯೇ ಕೋಷ್ಟಕ. ಮೊದಲು ನೋಡಬೇಕಾದದ್ದು ಲೆಕ್ಕಪರಿಶೋಧನೆಯ ವರ್ಷ ಮತ್ತು ಸಂಘಕ್ಕೆ ಸಿಕ್ಕ ವರ್ಗ. ಎರಡನೆಯದು ಕೊಟ್ಟ ಸಾಲ ಮತ್ತು ಸುಸ್ತಿ ಬಾಕಿ. ಉದಾಹರಣೆಗೆ, ಹೊರಗಿರುವ ಸಾಲ 1 ಕೋಟಿ, ಅದರಲ್ಲಿ ಸುಸ್ತಿ 8 ಲಕ್ಷ ಎಂದರೆ ನೂರಕ್ಕೆ 8. ಮರುವರ್ಷ ಸಾಲ 1 ಕೋಟಿ 50 ಲಕ್ಷ, ಸುಸ್ತಿ 24 ಲಕ್ಷ ಎಂದಾದರೆ ನೂರಕ್ಕೆ 16. “ವಹಿವಾಟು ಒಂದೂವರೆ ಪಟ್ಟು ಬೆಳೆಯಿತು” ಎಂದು ಅಧ್ಯಕ್ಷರ ಭಾಷಣ ಹೇಳುತ್ತದೆ. ಬಾರದ ಸಾಲದ ಪ್ರಮಾಣ ಇಮ್ಮಡಿಸಿತು ಎಂದು ಎರಡು ವರ್ಷದ ಅಂಕಿಗಳನ್ನು ಅಕ್ಕಪಕ್ಕ ಇಟ್ಟಾಗ ಮಾತ್ರ ತಿಳಿಯುತ್ತದೆ. ಮೂರು ವರ್ಷದ ವರದಿಗಳಿದ್ದರೆ ಎಂಟನೆಯ ತರಗತಿಯ ಮಕ್ಕಳೂ ಇದರ ನಕ್ಷೆ ಬರೆಯಬಲ್ಲರು.

ಮೂರನೆಯದು ಠೇವಣಿಯ ಭದ್ರತೆ. ವಾಣಿಜ್ಯ ಬ್ಯಾಂಕುಗಳಲ್ಲಿ ಮತ್ತು ಸಹಕಾರಿ ಬ್ಯಾಂಕುಗಳಲ್ಲಿ ಇಟ್ಟ ಠೇವಣಿಗೆ 2020ರ ಫೆಬ್ರುವರಿ 4ರಿಂದ ಪ್ರತಿ ಠೇವಣಿದಾರನಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. ಪತ್ತಿನ ಸಹಕಾರಿ ಸಂಘಗಳು ಬ್ಯಾಂಕುಗಳಲ್ಲ, ಆದ್ದರಿಂದ ಈ ವಿಮೆ ಅವುಗಳ ಠೇವಣಿಗೆ ಅನ್ವಯಿಸುವುದಿಲ್ಲ. ಹಾಗೆಂದು ಪತ್ತಿನ ಸಂಘಗಳೆಲ್ಲ ಅಪಾಯವೆಂದಲ್ಲ. ಬ್ಯಾಂಕು ಬಾಗಿಲಿಗೂ ಬಾರದ ಕಾಲದಲ್ಲಿ ನೇಕಾರನ ಮಗ್ಗಕ್ಕೆ, ರೈತನ ಎತ್ತಿಗೆ ಸಾಲ ಕೊಟ್ಟು ಕೈ ಹಿಡಿದವು ಅವೇ. ವಿಮೆಯ ಆಸರೆ ಇಲ್ಲದ ಕಡೆ ಸದಸ್ಯರ ಕಣ್ಣೇ ಕಾವಲು ಎಂಬುದಷ್ಟೇ ಇಲ್ಲಿಯ ಮಾತು.

ಖಾಲಿ ಮನೆಯೂ ಒಂದು ಸುದ್ದಿ

ದತ್ತಾಂಶವನ್ನು ಕಣ್ಣು ಮುಚ್ಚಿ ನಂಬಬಾರದು ಎಂಬುದೂ ವಿಜ್ಞಾನದ ಪಾಠವೇ. ಕೋಷ್ಟಕದಲ್ಲಿ ‘ಕಾರ್ಯನಿರತ’ ಎಂದಿದ್ದ ಸಂಘದ ಕಚೇರಿಗೆ ವರ್ಷಗಳಿಂದ ಬೀಗ ಬಿದ್ದಿರಬಹುದು. ಸದಸ್ಯರ ಸಂಖ್ಯೆಯಲ್ಲಿ ತೀರಿಕೊಂಡವರೂ ಸೇರಿರಬಹುದು. ಆದ್ದರಿಂದ ಯಾವುದೇ ಅಂಕಿಯ ಜೊತೆಗೆ ಅದನ್ನು ಎಂದು ಬರೆದರು, ಯಾರು ಕೊಟ್ಟರು ಎಂದು ನೋಡುವ ಅಭ್ಯಾಸ ಬೇಕು. ಲೆಕ್ಕಪರಿಶೋಧನೆಯ ಮನೆ ಖಾಲಿ ಇದ್ದರೆ ಅದನ್ನು ಸೊನ್ನೆ ಎಂದು ಓದಬಾರದು, ಪ್ರಶ್ನೆ ಎಂದು ಓದಬೇಕು. ಥರ್ಮಾಮೀಟರ್ ಇಲ್ಲವೆಂದು ಆ ದಿನದ ಉಷ್ಣತೆ ಸೊನ್ನೆ ಎಂದು ಯಾರೂ ಬರೆಯುವುದಿಲ್ಲವಷ್ಟೆ.

ತೆರೆದಿಡಬಾರದ ಸಂಗತಿಗಳೂ ಇವೆ. ಸಂಘದ ಒಟ್ಟು ಸುಸ್ತಿ ಎಷ್ಟೆಂಬುದು ಎಲ್ಲ ಸದಸ್ಯರ ವಿಷಯ. ಇಂಥವರ ಮನೆಯ ಸಾಲ ಎಷ್ಟೆಂದು ಜಗತ್ತಿಗೆ ಸಾರುವುದು ಮಾನ ಕಳೆಯುವ ಕೆಲಸ. ಆಧಾರ್ ಸಂಖ್ಯೆ, ಖಾತೆಯ ವಿವರ, ಕಾಯಿಲೆಯ ವಿವರ ಹೊರಬರಬಾರದು. ಮೂಲನಿವಾಸಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ತಮ್ಮ ಬಗೆಗಿನ ದತ್ತಾಂಶದಿಂದ ತಮ್ಮ ಸಮುದಾಯಕ್ಕೆ ಲಾಭವಾಗಬೇಕು, ಅದರ ಮೇಲೆ ತಮಗೆ ಅಧಿಕಾರವಿರಬೇಕು, ಬಳಸುವವರು ಹೊಣೆ ಹೊರಬೇಕು, ನೀತಿ ಮೀರಬಾರದು ಎಂಬ ನಾಲ್ಕು ತತ್ವಗಳನ್ನು ಅವರ ಅಂತರರಾಷ್ಟ್ರೀಯ ಒಕ್ಕೂಟ 2019ರಲ್ಲಿ ಮುಂದಿಟ್ಟಿತು. ಯಾವ ಮರದಲ್ಲಿ ಜೇನು ಕಟ್ಟುತ್ತದೆ, ಯಾವ ಬೇರು ಯಾವ ರೋಗಕ್ಕೆ ಎಂಬ ಸೋಲಿಗರ ಅರಿವು ಅವರ ಒಪ್ಪಿಗೆಯಿಲ್ಲದೆ ಕಂಪನಿಯೊಂದರ ಕೋಷ್ಟಕ ಸೇರಬಾರದು ಎನ್ನುವುದೂ ಇದೇ ತತ್ವ. ಆಳುವವರ ಲೆಕ್ಕ ತೆರೆದಿರಲಿ, ಬಡವರ ಗುಟ್ಟು ಮುಚ್ಚಿರಲಿ ಎಂದರೆ ಸುಲಭವಾಗಿ ತಿಳಿಯುತ್ತದೆ.

ಮಕ್ಕಳಿಗೊಂದು ಕೆಲಸ

ಈ ಭಾಗದ ಬಹುತೇಕ ಮನೆಗಳಲ್ಲಿ ಯಾರಾದರೊಬ್ಬರು ಒಂದಲ್ಲ ಒಂದು ಸಂಘದ ಸದಸ್ಯರಿದ್ದೇ ಇರುತ್ತಾರೆ. ಅನೇಕ ಮನೆಗಳಲ್ಲಿ ಓದುಬರಹ ಚೆನ್ನಾಗಿ ಬಲ್ಲವರು ಶಾಲೆಗೆ ಹೋಗುವ ಮಕ್ಕಳೇ. ಮಹಾಸಭೆಯ ಪುಸ್ತಿಕೆ ಬಂದಾಗ ಅದನ್ನು ರದ್ದಿಗೆ ಹಾಕುವ ಮೊದಲು ಅಪ್ಪ-ಅವ್ವನ ಜೊತೆ ಕೂತು ಐದು ಸಂಗತಿಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಬಹುದು: ನೋಂದಣಿ ಸಂಖ್ಯೆ ಮತ್ತು ವರ್ಷ, ಸದಸ್ಯರ ಸಂಖ್ಯೆ, ಒಟ್ಟು ಠೇವಣಿ, ಹೊರಗಿರುವ ಸಾಲ ಮತ್ತು ಸುಸ್ತಿ, ಲೆಕ್ಕಪರಿಶೋಧನೆಯ ವರ್ಗ. ಅದೇ ಸಂಘದ ಹೆಸರನ್ನು ಸಹಕಾರ ದತ್ತಾಂಶ ತಾಣದಲ್ಲಿ ಹುಡುಕಿ, ಎರಡೂ ಕಡೆಯ ಅಂಕಿಗಳು ಹೊಂದುತ್ತವೆಯೇ ನೋಡಬಹುದು. ಹೊಂದದಿದ್ದರೆ ಜಗಳಕ್ಕೆ ಹೋಗಬೇಕಿಲ್ಲ. ಸಂಘದ ಕಾರ್ಯದರ್ಶಿಯವರನ್ನು ಮರ್ಯಾದೆಯಿಂದ ಕೇಳಿದರೆ ಸಾಕು. ಉತ್ತರ ಬಾರದಿದ್ದರೆ ಸಹಾಯಕ ನಿಬಂಧಕರ ಕಚೇರಿ ಇದೆ.

ಹಾಳೆಯನ್ನು ಜೋಪಾನವಾಗಿ ಇಟ್ಟು ಮುಂದಿನ ವರ್ಷ ಅದರ ಪಕ್ಕದಲ್ಲಿಯೇ ಹೊಸ ಅಂಕಿಗಳನ್ನು ಬರೆಯಬೇಕು. ಮೂರು ವರ್ಷ ಹೀಗೆ ಮಾಡಿದ ಮನೆಯವರು ಮಹಾಸಭೆಗೆ ಚಹಾ-ಚೂಡಾ ತಿನ್ನಲು ಮಾತ್ರ ಹೋಗುವುದಿಲ್ಲ. ಕೈ ಎತ್ತಿ ಒಂದು ಪ್ರಶ್ನೆ ಕೇಳಿಯೇ ಬರುತ್ತಾರೆ.